ಖಮರುನ್ನೀಸಾ ಬಿಚ್ಚಿಬಿಟ್ಟ ಕರು

ಖಮರುನ್ನೀಸಾ ಅವರಿಗೆ ಅರವತ್ತಮೂರು ವರ್ಷ. ಮಂಡಿನೋವಿದೆ, ಸಕ್ಕರೆ ಕಾಯಿಲೆಯಿದೆ, ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ. ಇಷ್ಟಿದ್ದೂ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಪಿಪ್‌ಲ್ಯಾಂಡ್ ಆಡುವವರಲ್ಲಿ ಅವರ ಹೆಸರು ಕೇಳದವರಿಲ್ಲ. ಪಿಪ್‌ಲ್ಯಾಂಡ್ ಅಂದರೆ ಮೊಬೈಲಿನಲ್ಲಿ ಆಡುವ ಒಂದು ಗೇಮ್. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಅಂಗಳ, ಅಂಗಳದ ತುಂಬ ಪ್ರಾಣಿಗಳು. ದಿನಾ ಮೇವು ಹಾಕಬೇಕು, ಮೈ ತೊಳೆಯಬೇಕು, ಬೆಳೆಸಬೇಕು. ಮನಸ್ಸಾದರೆ ಇನ್ನೊಬ್ಬರ ಪ್ರಾಣಿಯ ಜೊತೆ ಬದಲಾಯಿಸಿಕೊಳ್ಳಬಹುದು. ಕೈಯಲ್ಲಿ ಮುಟ್ಟಲಾಗದ ಪ್ರಾಣಿಗೆ ಇಷ್ಟೊಂದು ಒದ್ದಾಟ ಯಾಕೆ ಎಂದು ಕೇಳುವವರಿದ್ದಾರೆ. ಕೇಳಲಿ. ಸೀರಿಯಲ್ಲಿನ ಸೊಸೆಗಾಗಿ ಕಣ್ಣೊರೆಸಿಕೊಳ್ಳುವವರು ಮಾತ್ರ ಕೇಳಬಾರದು, ಅಷ್ಟೆ.

ಅವರ ಗಂಡ ಕರೀಂ ಸಾಬ್ ಗುಬ್ಬಿಯಲ್ಲಿ ದನದ ದಲ್ಲಾಳಿಯಾಗಿದ್ದರು. ಟವಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಬಾಯಿ ಬಿಡದೆ ಬೆಲೆ ಕುದುರಿಸುತ್ತಿದ್ದ ಮನುಷ್ಯ. ಆ ಮನೆಯ ಹೆಂಗಸರು ಸಂತೆಗೆ ಹೋಗುವ ವಾಡಿಕೆ ಇರಲಿಲ್ಲ. ಸಂತೆಯಲ್ಲಿ ಮುಗಿಯದ ವ್ಯಾಪಾರ ಮನೆಯ ಜಗಲಿಗೆ ಬಂದಾಗ ಖಮರುನ್ನೀಸಾ ಬಾಗಿಲ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೀಗೆ ಮೂವತ್ತೆಂಟು ವರ್ಷ ಕೇಳಿದರು. ಗಂಡ ತೀರಿಕೊಂಡ ಮೇಲೆ ತುಮಕೂರಿಗೆ, ಮಗ ಮುಜೀಬನ ಮನೆಗೆ ಬಂದರು. ಮಗನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮೊಮ್ಮಗಳು ಜೈಬಾ, ತಾನು ಸ್ಕೂಲಿಗೆ ಹೋದಾಗ ತನ್ನ ಮೊಲಕ್ಕೆ ಮೇವು ಹಾಕಿ ಎಂದು ದಾದಿಗೆ, ಅಂದರೆ ಅಜ್ಜಿಗೆ, ಈ ಗೇಮ್ ಕಲಿಸಿದಳು. ಮೂರು ತಿಂಗಳಲ್ಲಿ ಜೈಬಾಗೆ ಬೇಜಾರಾಯಿತು, ದಾದಿಗೆ ಆಗಲಿಲ್ಲ. ಪರದೆಯ ಆಚೆ ನಡೆಯುತ್ತಿದ್ದ ಸಂತೆಗೆ ಕೊನೆಗೂ ತಾವೇ ಕಾಲಿಟ್ಟ ಹಾಗಾಗಿತ್ತು ಅವರಿಗೆ.

ಅವರ ಅಂಗಳದಲ್ಲಿ ಹಲವು ಪ್ರಾಣಿಗಳಿದ್ದರೂ ಮಲಿಕಾ ಎಂಬ ಬಿಳಿ ಕುದುರೆಯ ಮಾತೇ ಬೇರೆ. ಬೆಕ್ಕಿನಷ್ಟಿದ್ದ ಮರಿಯನ್ನು ಮೂರು ವರ್ಷ ಸಾಕಿ ಬೆಳೆಸಿದ್ದು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಸೊಸೆ ಉಝ್ಮಾಳ ಕೈಯಿಂದ ಅದಕ್ಕೆ ಮೇವು ಹಾಕಿಸಿದ್ದರು. ಯಾರು ಏನು ಕೊಡುತ್ತೇನೆಂದರೂ ಮಲಿಕಾ ಕೊಡೋದಿಲ್ಲಪ್ಪ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಆದರೆ ಅವರಿಗೆ ಹೆಸರು ಬಂದದ್ದು ಕುದುರೆಯಿಂದಲ್ಲ. ಆ ಗೇಮಿನಲ್ಲಿ ಒಂದು ಸಲಕ್ಕೆ ಒಂದು ಕಡೆಯಿಂದ ಮಾತ್ರ ಪ್ರಾಣಿ ದಾಟಿಸಲು ಸಾಧ್ಯ. ಹಾಗಾಗಿ ಬದಲಾಯಿಸಿಕೊಳ್ಳುವಾಗ ಯಾರಾದರೊಬ್ಬರು ಮೊದಲು ಕೊಡಬೇಕು. ಇಸಕೊಂಡವನು ಮಾಯವಾದರೆ ಕೊಟ್ಟವನು ಬಾಯಿ ಬಾಯಿ ಬಡಿದುಕೊಳ್ಳಬೇಕು. ಅದಕ್ಕೆ ನಡುವೆ ಒಬ್ಬರು ಬೇಕು. ಇಬ್ಬರೂ ತಮ್ಮ ಪ್ರಾಣಿಯನ್ನು ಮೊದಲು ಅವರ ಅಂಗಳಕ್ಕೆ ಬಿಡುತ್ತಾರೆ. ಎರಡೂ ಬಂದ ಮೇಲೆ ಅವರು ಅದಲು ಬದಲು ಮಾಡಿ ಕಳಿಸುತ್ತಾರೆ. "ತುಮಕೂರು ಪೆಟ್ ಸಂತೆ" ಎಂಬ ವಾಟ್ಸಾಪ್ ಗ್ರೂಪಿನ ನಾನ್ನೂರು ಜನ ಹಾಗೆ ನಂಬಿದ್ದು ಖಮರುನ್ನೀಸಾ ಅವರನ್ನು. ಎಲ್ಲರ ಬಾಯಲ್ಲೂ ದಾದಿ. ಕುಣಿಗಲ್ಲಿನ ಚಂದ್ರು ಎಂಬವನು ಗುಬ್ಬಿಯ ಮಂಜುಶ್ರೀಯಿಂದ ಗಿಳಿ ಇಸಕೊಂಡು, ಬದಲಿಗೆ ಆಮೆ ಕೊಡದೆ ಕೈಯೆತ್ತಿದಾಗ, ಇವನ ಜೊತೆ ಯಾರೂ ವ್ಯಾಪಾರ ಮಾಡಬೇಡಿ ಎಂದು ಗ್ರೂಪಿನಲ್ಲಿ ಹೇಳಿದವರೂ ಇವರೇ. ಆ ಒಂದು ಮಾತಿಗೆ ಎಂಟು ತಿಂಗಳಿಂದ ಚಂದ್ರುವನ್ನು ಒಬ್ಬನೂ ಹತ್ತಿರ ಸೇರಿಸಿರಲಿಲ್ಲ.

ದಾದಿಯ ವ್ಯಾಪಾರದಲ್ಲಿ ಒಂದು ರೂಢಿಯಿತ್ತು. ಸಂತೆಯಲ್ಲಿ ದನ ಮಾರಿದವನು ಹಳೆಯ ಹಗ್ಗ ಬಿಚ್ಚಿಕೊಂಡು ತನ್ನ ಮನೆಗೆ ಒಯ್ಯುತ್ತಾನೆ, ಕೊಂಡವನು ಹೊಸ ಹಗ್ಗ ತರಬೇಕು. ಹಗ್ಗದ ಜೊತೆ ಮನೆಯ ಬರಕತ್ತು, ಏಳಿಗೆ, ಹೊರಟುಹೋಗುತ್ತದೆ ಎಂಬ ಭಯ. ಕರೀಂ ಸಾಬರು ತಾವೇ ಬಗ್ಗಿ ಹಗ್ಗ ಬಿಚ್ಚಿ ಮಾರಿದವನ ಕೈಗಿಡುತ್ತಿದ್ದರು. ಖಮರುನ್ನೀಸಾ ಅದನ್ನು ಗೇಮಿಗೂ ತಂದಿದ್ದರು. ನಡುವೆ ನಿಂತಾಗಲೆಲ್ಲ ಪ್ರಾಣಿಯ ಕೊರಳಪಟ್ಟಿ ಬಿಚ್ಚಿ, ಪಟ್ಟಿಯನ್ನು ಕೊಟ್ಟವರಿಗೆ ವಾಪಸ್ ಕಳಿಸಿ, ಆಮೇಲೆ ಪ್ರಾಣಿಯನ್ನು ದಾಟಿಸುತ್ತಿದ್ದರು. ಗ್ರೂಪಿನ ಹುಡುಗರು ನಗುತ್ತಿದ್ದರು, ಆದರೂ ಒಳಗೊಳಗೆ ಆ ಹುಡುಗರಿಗೂ ಅದು ಇಷ್ಟವಾಗಿತ್ತು.

ಆ ಬುಧವಾರ ಮಧ್ಯಾಹ್ನ ಎರಡೂವರೆಗೆ ಒಂದು ದೊಡ್ಡ ವ್ಯಾಪಾರವಿತ್ತು. ಕುಣಿಗಲ್ಲಿನ ಭಾನುಪ್ರಿಯಾ, ಬಿ.ಕಾಂ. ಕೊನೆಯ ವರ್ಷದ ಹುಡುಗಿ, ತನ್ನ ಬೆಳ್ಳಿ ಕರುವನ್ನು ಕೊಟ್ಟು ಚೈತನ್ಯನ ಕೊಕ್ಕರೆ ಜೋಡಿ ತೆಗೆದುಕೊಳ್ಳುವುದೆಂದು ಮಾತಾಗಿತ್ತು. ಚೈತನ್ಯ ಅಂತರಸನಹಳ್ಳಿಯಲ್ಲಿ ಲೇತ್ ಕೆಲಸ ಮಾಡುವವನು, ಗ್ರೂಪಿನ ಅಡ್ಮಿನ್. ಬೆಳ್ಳಿ ಕರುವನ್ನು ಗೇಮಿನವರು ನಾಲ್ಕು ವರ್ಷದ ಹಿಂದೆ ಒಂದೇ ವಾರ ಕೊಟ್ಟಿದ್ದರು, ಮತ್ತೆ ಕೊಟ್ಟಿಲ್ಲ. ಭಾನುಪ್ರಿಯಾ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಆ ವರ್ಷ ಅವಳಿಗೆ ಸಿಕ್ಕಿದ್ದು. ಜಿಲ್ಲೆಗೆಲ್ಲ ಅಂಥ ಕರು ಮೂರೋ ನಾಲ್ಕೋ ಇದ್ದವು.

ಕೊಕ್ಕರೆಗಳು ಬಂದವು. ಕರುವೂ ಬಂತು. ಖಮರುನ್ನೀಸಾ ಬಿಸ್ಮಿಲ್ಲಾ ಎಂದು ಕರುವಿನ ಕೊರಳಪಟ್ಟಿಯ ಮೇಲೆ ಬೆರಳಿಟ್ಟರು. ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು. ಅವರಿಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಯಾವಾಗಲೂ ಒತ್ತುವ ಹಸಿರು ಗುಂಡಿಯನ್ನೇ ಒತ್ತಿದರು. ಪಟ್ಟಿ ಬಿಚ್ಚಿಕೊಂಡಿತು. ಕರು ಕತ್ತು ಕೊಡವಿ, ಅಂಗಳದ ಗೇಟು ದಾಟಿ, ಹೊರಗೆ ನಡೆದುಹೋಯಿತು. ಮೇಲುಗಡೆ ಕೆಂಪು ಅಂಕಿಯಲ್ಲಿ ಅರವತ್ತು ನಿಮಿಷ ಎಂದು ಬಂದು, ಐವತ್ತೊಂಬತ್ತಾಯಿತು.

"ಉಝ್ಮಾ, ಬಾ ಇಲ್ಲಿ," ಅಂದರು. ಮನೆಯಲ್ಲಿ ಅವರ ಮಾತು ಉರ್ದು. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿದೆ.

ಉಝ್ಮಾ ಹೊಲಿಗೆ ಮೆಷಿನ್ ಬಿಟ್ಟು ಬಂದು ಓದಿದಳು. ಅವಳ ಮುಖ ನೋಡಿಯೇ ಅತ್ತೆಗೆ ಅರ್ಧ ಗೊತ್ತಾಯಿತು.

"ಬೆಳಗ್ಗೆ ಅಪ್‌ಡೇಟ್ ಬಂತಲ್ಲ ಅಮ್ಮಿ, ರೂಲ್ ಬದಲಾಯಿಸಿದಾರೆ. ಇನ್ಮೇಲೆ ಪಟ್ಟಿ ಬಿಚ್ಚಿದ್ರೆ ಪ್ರಾಣಿನ ಬಿಟ್ಟುಬಿಟ್ಟ ಹಾಗೆ. ಒಂದು ಗಂಟೆ ಬಯಲಲ್ಲಿ ಓಡಾಡ್ಕೊಂಡಿರುತ್ತೆ. ಯಾರು ಹಗ್ಗ ಹಾಕಿದ್ರೆ ಅವರದು. ಯಾರೂ ಹಾಕದಿದ್ರೆ ಶಾಶ್ವತವಾಗಿ ಹೋಯ್ತು."

ಬಯಲು ಅಂದರೆ ಸಣ್ಣದಲ್ಲ. ಎಲ್ಲೆಲ್ಲಿಯವರೋ ಬಿಟ್ಟ ಪ್ರಾಣಿಗಳು, ಎಲ್ಲೆಲ್ಲಿಯ ಆಟಗಾರರೋ ಓಡಾಡುವ ಜಾಗ. ಖಮರುನ್ನೀಸಾ ಹುಡುಕಲು ಹೊರಟರು. ಬೆರಳು ತಪ್ಪಿ ಒಂದು ಸಲ ಕೆರೆಗೆ ಹೋದರು, ಒಂದು ಸಲ ಯಾರದೋ ಆನೆಯ ಹಿಂದೆ ಹೋದರು. ಹನ್ನೆರಡು ನಿಮಿಷ ಕಳೆಯಿತು. ಬೆಳ್ಳಿ ಬಣ್ಣದ್ದೇನೂ ಕಾಣಲಿಲ್ಲ.

ಅಷ್ಟರಲ್ಲಿ ಚೈತನ್ಯನ ಮೆಸೇಜು: "ದಾದಿ, ಕರು ಇನ್ನೂ ಬಂದಿಲ್ಲ?"

ಉಝ್ಮಾ ಬುದ್ಧಿವಂತೆ. ಮೆಲ್ಲಗೆ ಹೇಳಿದಳು. "ನೆಟ್‌ವರ್ಕ್ ಹೋಯ್ತು ಅಂದುಬಿಡಿ ಅಮ್ಮಿ. ಇಲ್ಲಾ ಹ್ಯಾಕ್ ಆಯ್ತು ಅನ್ನಿ. ಯಾರಿಗೆ ಗೊತ್ತಾಗುತ್ತೆ. ನಿಮ್ಮ ಮೇಲೆ ಯಾರೂ ಅನುಮಾನ ಪಡಲ್ಲ."

ಯಾರೂ ಅನುಮಾನ ಪಡುವುದಿಲ್ಲ ಅನ್ನುವುದೇ ಅವರನ್ನು ಚುಚ್ಚಿತು. ಹಾಗೆಂದು ನಿಜ ಹೇಳುವುದೂ ಸುಲಭವಿರಲಿಲ್ಲ. ಬೆಳ್ಳಿ ಕರು ಬಯಲಲ್ಲಿ ಹಗ್ಗವಿಲ್ಲದೆ ತಿರುಗುತ್ತಿದೆ ಎಂದು ಗ್ರೂಪಿನಲ್ಲಿ ಹೇಳಿದರೆ ನಾನ್ನೂರು ಜನಕ್ಕೆ ತಿಳಿಯುತ್ತದೆ. ಅವರಲ್ಲಿ ಭಾನುಪ್ರಿಯಾಗಾಗಿ ಹುಡುಕುವವರೆಷ್ಟು, ತಮಗಾಗಿ ಹುಡುಕುವವರೆಷ್ಟು, ಯಾರು ಹೇಳಬೇಕು. ಹೇಳದೆ ಹೋದರೆ ಈ ತಪ್ಪಿ ಒತ್ತುವ ಬೆರಳು, ಈ ಪೊರೆ ತೆಗೆದ ಕಣ್ಣು ಇಟ್ಟುಕೊಂಡು ಒಬ್ಬರೇ ಹುಡುಕಬೇಕು. ಕರು ಸಿಗುವುದಿಲ್ಲ, ಅದು ಅವರಿಗೆ ಖಾತ್ರಿಯಾಗಿತ್ತು. ಆದರೆ ಹೆಸರು ಉಳಿಯುತ್ತದೆ.

ಕೆಂಪು ಅಂಕಿ ನಲವತ್ತಾರಕ್ಕೆ ಇಳಿದಿತ್ತು. ಖಮರುನ್ನೀಸಾ ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದರು.

"ಎಲ್ಲಾರೂ ಕೇಳಿ. ನಾನು ದಾದಿ. ಭಾನುಪ್ರಿಯಾ ಕರು ನನ್ನ ಅಂಗಳದಲ್ಲಿತ್ತು. ಪಟ್ಟಿ ಬಿಚ್ಚಕ್ಕೆ ಹೋಗಿ ಬಿಟ್ಟುಬಿಟ್ಟೆ. ತಪ್ಪು ನನ್ನದು, ಗೇಮಿಂದಲ್ಲ, ಇನ್ನೊಬ್ಬರದಲ್ಲ. ಕರು ಬಯಲಲ್ಲಿದೆ, ಇನ್ನು ಮುಕ್ಕಾಲು ಗಂಟೆ ಇರುತ್ತೆ. ಯಾರಿಗಾದ್ರೂ ಕಂಡ್ರೆ ಹಗ್ಗ ಹಾಕಿ. ಅದು ಆ ಮಗೂದು, ಅದನ್ನ ನೆನಪಿಟ್ಕೊಳ್ಳಿ."

ಒಬ್ಬೊಬ್ಬರೇ ಬಯಲಿಗಿಳಿದರು. ಚೈತನ್ಯ ಲೇತ್ ನಿಲ್ಲಿಸಿ ಟಾಯ್ಲೆಟ್ಟಿಗೆ ಹೋಗಿ ಹುಡುಕುತ್ತಿದ್ದೇನೆ ಎಂದು ಬರೆದ. ಮಂಜುಶ್ರೀ ಕೆರೆ ಕಡೆ ನೋಡುತ್ತೇನೆಂದಳು. ಏನೂ ಬರೆಯದೆ ಇಳಿದವರೇ ಹೆಚ್ಚು, ಅವರೆಲ್ಲ ಯಾರಿಗಾಗಿ ಇಳಿದರೋ ಖಮರುನ್ನೀಸಾ ಅವರಿಗೆ ತಿಳಿಯಲಿಲ್ಲ.

ಭಾನುಪ್ರಿಯಾ ಫೋನ್ ಮಾಡಿದಳು. ಕಾಲೇಜಿನ ಮೆಟ್ಟಿಲ ಮೇಲಿದ್ದಳೆಂದು ಕಾಣುತ್ತದೆ, ಹಿಂದೆ ಹುಡುಗಿಯರ ಗದ್ದಲ.

"ದಾದಿ, ನಾನು ಕರು ಕೊಟ್ಟಿದ್ದು ಚೈತನ್ಯಂಗಲ್ಲ. ನಿಮಗೆ."

"ಹೌದು ಮಗಳೆ."

"ನಿಮ್ಮತ್ರ ಇದ್ರೆ ಏನೂ ಆಗಲ್ಲ ಅಂತ ನಾನು ಕ್ಲಾಸಲ್ಲಿ ಕೂತಿದ್ದೆ. ಫೋನೂ ನೋಡ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ, ಫೋನ್ ಇಟ್ಟಳು.

ಮೂವತ್ತು ನಿಮಿಷ ಉಳಿಯಿತು, ಇಪ್ಪತ್ತು ಉಳಿಯಿತು. ಒಬ್ಬ ಕಂಡೆನೆಂದ, ಹೋಗಿ ನೋಡಿದರೆ ಬೂದು ಮೇಕೆ. ಉಝ್ಮಾ ತನ್ನ ಮೊಬೈಲಿನಲ್ಲೂ ಗೇಮ್ ಹಾಕಿಕೊಂಡು ಹುಡುಕತೊಡಗಿದಳು. ಹನ್ನೊಂದು ನಿಮಿಷ ಇರುವಾಗ ಪರದೆಯ ಮೇಲೆ ಒಂದು ಸಾಲು ಬಂತು. ಉಝ್ಮಾ ಓದಿ ಹೇಳಿದಳು: ಬೆಳ್ಳಿ ಕರುವಿಗೆ ಹಗ್ಗ ಬಿತ್ತು, ಹಿಡಿದವನು ಚಂದ್ರು, ಕುಣಿಗಲ್.

ಗ್ರೂಪಿನಿಂದ ಅವನನ್ನು ಎಂಟು ತಿಂಗಳ ಹಿಂದೆಯೇ ತೆಗೆದಿದ್ದರು. ಸುದ್ದಿ ಅವನಿಗೆ ಮುಟ್ಟಿಸಿದವರು ಯಾರೋ ಒಳಗಿನವರೇ. ಅದನ್ನು ವಿಚಾರಿಸುತ್ತ ಕೂರಲು ಪುರುಸೊತ್ತಿರಲಿಲ್ಲ, ಅವನದೇ ಫೋನ್ ಬಂತು.

"ಏನ್ ದಾದಿ, ಕರು ನಮ್ಮನೇಲಿ ಐತೆ," ಅಂದ. ದನಿಯಲ್ಲಿ ನಗುವಿತ್ತು. "ಹೊಡಿಬ್ಯಾಡಿ, ಬಡಿಬ್ಯಾಡಿ. ವಾಪಸ್ ಕೊಡ್ತೀನಿ. ಸುಮ್ನೆ ಕೊಡ್ತೀನಿ."

"ಸುಮ್ನೆ ಕೊಡೋ ಜನ ನೀನಲ್ಲ. ಏನು ಬೇಕು ಹೇಳು."

"ಒಂದು ಮಾತು. ಗ್ರೂಪಲ್ಲಿ ಹೇಳಿ, ಚಂದ್ರು ಮೋಸ ಮಾಡಿರ್ಲಿಲ್ಲ, ನಂದೇ ತಪ್ಪು ತಿಳುವಳಿಕೆ ಅಂತ. ಅಷ್ಟೆಯ. ಈ ಗಳಿಗೆ ಕರು ಕಳಿಸ್ತೀನಿ."

ಉಝ್ಮಾ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು. ಹೇಳಿಬಿಡಿ ಎಂದು ಕೈಸನ್ನೆ ಮಾಡಿದಳು. ಒಂದು ಮಾತಿಗೆ ಕರು ಬರುವುದಾದರೆ ಯಾರಾದರೂ ಹೇಳುತ್ತಾರೆ. ಖಮರುನ್ನೀಸಾ ಅವರಿಗೂ ನಾಲಗೆಯ ತುದಿಗೆ ಬಂದಿತ್ತು. ಆದರೆ ನಾಳೆ ಚಂದ್ರು ಇನ್ನೊಬ್ಬಳು ಮಂಜುಶ್ರೀಯ ಗಿಳಿ ಹಾರಿಸಿಕೊಂಡು ಹೋದರೆ, ಅವಳು ಕೊಟ್ಟದ್ದು ದಾದಿಯ ಮಾತು ನಂಬಿಯೇ ಆಗಿರುತ್ತದೆ.

"ಅದು ಆಗಲ್ಲಪ್ಪ," ಅಂದರು. "ನೀನು ಗಿಳಿ ತಗೊಂಡೆ, ಆಮೆ ಕೊಡ್ಲಿಲ್ಲ. ಬೇರೆ ಏನಾದ್ರೂ ಕೇಳು."

ಆ ಕಡೆ ನಗು ನಿಂತಿತು. ಇನ್ನೇನು ಫೋನ್ ಇಟ್ಟುಬಿಡುತ್ತಾನೆ ಅನ್ನುವಾಗ ಅವನು ಹೇಳಿದ, "ಹಂಗಾದ್ರೆ ಮಲಿಕಾ ಕೊಡಿ."

ಕುಣಿಗಲ್ಲಿನ ಕುದುರೆ ಫಾರಂ ಪಕ್ಕದಲ್ಲಿ ಬೆಳೆದವನು, ಅವನ ಕಣ್ಣು ಅದರ ಮೇಲೆ ಬೀಳದೆ ಇರುತ್ತದೆಯೇ. ಖಮರುನ್ನೀಸಾ ಪರದೆಯತ್ತ ನೋಡಿದರು. ಅಂಗಳದಲ್ಲಿ ಮಲಿಕಾ ಬಾಲ ಬೀಸುತ್ತ ನಿಂತಿತ್ತು, ಅದಕ್ಕೆ ಮಧ್ಯಾಹ್ನದ ಮೇವು ಇನ್ನೂ ಹಾಕಿರಲಿಲ್ಲ.

"ಆಯ್ತು," ಅಂದರು.

ಅಮ್ಮಿ, ಬೇಡ ಎಂದು ಉಝ್ಮಾ ತೋಳು ಹಿಡಿದಳು. ಅವರು ಕೈ ಬಿಡಿಸಿಕೊಂಡರು.

ಆದರೆ ಯಾರು ಮೊದಲು ಕೊಡಬೇಕು? ಕಳ್ಳನಿಗೆ ಮೊದಲು ಕೊಡಲು ದಾದಿ ತಯಾರಿಲ್ಲ, ಚಂದ್ರುವೂ ಮೊದಲು ಕೊಡುವುದಿಲ್ಲ. ನಡುವೆ ನಿಲ್ಲುವ ದಾದಿಯೇ ಇಲ್ಲಿ ಒಂದು ಕಡೆಯವರು. ಚೈತನ್ಯನೋ ಇನ್ನೊಬ್ಬರೋ ನಡುವೆ ನಿಲ್ಲಲಿ ಅಂದರೆ, ಆ ಗ್ರೂಪಿನವರ ಮೇಲೆ ತನಗೆ ನಂಬಿಕೆಯಿಲ್ಲ ಅಂದ ಚಂದ್ರು.

"ಕರು ಹೋಗ್ಬೇಕಾಗಿರೋದು ಭಾನುಪ್ರಿಯಾ ಹತ್ರ ತಾನೆ," ಅಂದರು ಖಮರುನ್ನೀಸಾ. "ನಾನು ಕುದುರೆನ ಮೊದಲು ಅವಳ ಅಂಗಳಕ್ಕೆ ಬಿಡ್ತೀನಿ. ನೀನು ಕಣ್ಣಲ್ಲಿ ನೋಡ್ಕೊ. ಆಮೇಲೆ ಕರುನ ಅಲ್ಲಿಗೇ ಕಳಿಸು. ಕರು ಬಂದ ಮೇಲೆ ಅವಳು ಕುದುರೆನ ನಿನಗೆ ಕಳಿಸ್ತಾಳೆ."

"ಎಲ್ಡೂ ಅವಳೇ ಇಟ್ಕೊಂಡ್ರೆ? ಕರು ಅವಳ್ದೇ, ಕುದ್ರೆ ನಿಮ್ದು. ನಂಗೆ ಚಿಪ್ಪು."

"ಇಟ್ಕೊಳ್ಳಲ್ಲ. ನಾನು ಹೇಳ್ತಿದೀನಿ."

ಚಂದ್ರು ಯೋಚನೆ ಮಾಡಿದ. ಅವನಿಗೆ ಸಿಟ್ಟಿತ್ತು, ಎಂಟು ತಿಂಗಳ ಅವಮಾನವಿತ್ತು. ಆದರೂ ಕೊನೆಗೆ ಅಂದ, "ನಿಮ್ಮ ಮಾತಿನ ಮ್ಯಾಲೆ ಬುಡ್ತೀನಿ ಕಣಜ್ಜಿ. ಇನ್ಯಾರ ಮಾತಿನ ಮ್ಯಾಲೂ ಬುಡ್ತಿರ್ಲಿಲ್ಲ."

ಖಮರುನ್ನೀಸಾ ಭಾನುಪ್ರಿಯಾಗೆ ಫೋನ್ ಮಾಡಿ ಎಲ್ಲ ವಿವರಿಸಿದರು, ಕೊಕ್ಕರೆ ವ್ಯಾಪಾರ ಆಮೇಲೆ ನೋಡೋಣ ಅಂದರು. ಹುಡುಗಿ ಹೂಂ ಎಂದಷ್ಟೇ ಅಂದಳು. ಅವರು ಮಲಿಕಾಗೆ ಮೇವು ಹಾಕಿದರು. ಅದು ತಿಂದು ಮುಗಿಸುವವರೆಗೆ ಕಾದರು. ಕೊರಳಪಟ್ಟಿಯನ್ನು ಮುಟ್ಟದೆ ಭಾನುಪ್ರಿಯಾಳ ಅಂಗಳಕ್ಕೆ ದಾಟಿಸಿದರು. ಎರಡು ನಿಮಿಷದ ಮೇಲೆ ಬೆಳ್ಳಿ ಕರುವೂ ಅಲ್ಲಿಗೆ ಬಂತು. ಅವರಿವರ ಅಂಗಳವನ್ನು ಹೊರಗಿನಿಂದ ನೋಡಲು ಗೇಮಿನಲ್ಲಿ ಅಡ್ಡಿಯಿಲ್ಲ; ಗ್ರೂಪಿನ ಅರ್ಧ ಜನ ಬೇಲಿಯಾಚೆ ನಿಂತು ನೋಡುತ್ತಿದ್ದರು. ಈ ಸುದ್ದಿಯೂ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಗ್ರೂಪಿನಲ್ಲಿ ಮೆಸೇಜುಗಳ ಸುರಿಮಳೆ. ಎರಡೂ ಇಟ್ಕೊ ಭಾನು. ಕಳ್ಳಂಗ್ಯಾಕೆ ಕುದುರೆ. ಕರು ನಿಂದು, ಕುದುರೆ ದಾದಿದು, ಅವನಿಗೇನೂ ಇಲ್ಲ. ಮಂಜುಶ್ರೀ ಕೂಡ ಬರೆದಳು: "ನನಗೆ ಮಾಡಿದ್ದು ಅವನಿಗೂ ಆಗ್ಲಿ."

ಐದು ನಿಮಿಷವಾಯಿತು. ಮಲಿಕಾ ಅಲ್ಲೇ ನಿಂತಿತ್ತು. ಚಂದ್ರು ಎರಡು ಸಲ ಫೋನ್ ಮಾಡಿದ, ಖಮರುನ್ನೀಸಾ ಎತ್ತಲಿಲ್ಲ. ಎತ್ತಿ ಏನು ಹೇಳಬೇಕು. ಉಝ್ಮಾ ಅತ್ತೆಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಆಸೆ ಕಂಡಿತು. ಕಂಡದ್ದು ನಿಜ, ಖಮರುನ್ನೀಸಾ ಸಂತರೇನಲ್ಲ. ಹುಡುಗಿ ತಾನಾಗಿಯೇ ಕುದುರೆಯನ್ನು ಉಳಿಸಿಕೊಂಡರೆ ಅದರಲ್ಲಿ ನನ್ನ ತಪ್ಪೇನು ಎಂದು ಅವರ ಮನಸ್ಸು ಒಳಗೊಳಗೇ ವಾದ ಹೂಡಿತ್ತು.

ಭಾನುಪ್ರಿಯಾಳ ಫೋನ್ ಬಂತು.

"ದಾದಿ, ಕರು ಬಂತು," ಅಂದಳು. ದನಿ ಈಗ ಮೆತ್ತಗಿತ್ತು. "ಕುದುರೆನ ನಿಮಗೇ ವಾಪಸ್ ಕಳಿಸ್ತೀನಿ. ಎಲ್ಲಾರೂ ಅದನ್ನೇ ಹೇಳ್ತಿದಾರೆ. ನೀವು ಹೂಂ ಅಂದ್ರೆ ಸಾಕು."

ಹೂಂ ಅನ್ನಲು ಎಷ್ಟು ಹೊತ್ತು ಬೇಕು. ಮಲಿಕಾ ಕತ್ತು ತಿರುಗಿಸಿ ಈ ಕಡೆಗೇ ನೋಡುತ್ತಿರುವಂತೆ ಅವರಿಗೆ ಕಂಡಿತು. ಗೇಮಿನ ಕುದುರೆಗಳೆಲ್ಲ ಹಾಗೇ ಕತ್ತು ತಿರುಗಿಸುತ್ತವೆ, ಅದು ಅವರಿಗೂ ಗೊತ್ತು.

"ಅವನಿಗೆ ಕಳಿಸು ಮಗಳೆ," ಅಂದರು.

"ಅವ್ನು ಮೋಸಗಾರ ದಾದಿ. ನೀವೇ ಹೇಳಿದ್ದು."

"ಹೌದು, ನಾನೇ ಹೇಳಿದ್ದು. ತಗೊಂಡು ಕೊಡ್ಲಿಲ್ಲ ಅಂತ ಹೇಳಿದ್ದು. ಇವತ್ತು ನೀನು ಕುದುರೆ ಕೊಡದೆ ಹೋದ್ರೆ, ನಾಳೆ ಗ್ರೂಪಲ್ಲಿ ನಿನ್ನ ಹೆಸರು ತಗೊಂಡು ಅದೇ ಮಾತು ನಾನು ಹೇಳ್ಬೇಕಾಗುತ್ತೆ. ಅದು ನನ್ನ ಕೈಲಿ ಆಗಲ್ಲ ಕಣಮ್ಮ."

ಫೋನ್ ಕಿವಿಯಲ್ಲಿ ಇರುವಾಗಲೇ ಉಝ್ಮಾ ತನ್ನ ಮೊಬೈಲು ತೋರಿಸಿದಳು. ಮಲಿಕಾ ಭಾನುಪ್ರಿಯಾಳ ಗೇಟು ದಾಟಿ, ಚಂದ್ರುವಿನ ಅಂಗಳದೊಳಗೆ ಹೋಯಿತು.

ಖಮರುನ್ನೀಸಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡ ತೀರಿಕೊಂಡ ದಿನ ಬಂದವರ ಎದುರು ಅಳಲು ನಾಚಿಕೊಂಡಿದ್ದ ಹೆಂಗಸು, ಈಗ ಸೊಸೆಯ ಎದುರು, ಒಂದು ಮೊಬೈಲಿನ ಕುದುರೆಗಾಗಿ, ಬಿಕ್ಕಿ ಬಿಕ್ಕಿ ಅತ್ತರು. ಉಝ್ಮಾ ಪಕ್ಕದಲ್ಲಿ ಕೂತು, ಅವರ ಬೆನ್ನು ಸವರುತ್ತಿದ್ದಳು. ಭಾನುಪ್ರಿಯಾ ಇನ್ನೂ ಫೋನ್ ಇಟ್ಟಿರಲಿಲ್ಲ.